ಒಂಬತ್ತನೇ ಪುಟಕ್ಕೆ ನಿಂತುಹೋದ ನನ್ನ ಜರ್ಮನ್

ಡಿಸೆಂಬರ್ ಬಂದರೆ ನಮ್ಮ ಆಫೀಸಿನಲ್ಲಿ ಮುಂದಿನ ವರ್ಷದ ಗುರಿ ಬರೆಯುವ ಕೆಲಸ ಶುರು. ಒಂದು ಎಕ್ಸೆಲ್ ಶೀಟು, ಪ್ರತಿ ಗುರಿಗೂ ಒಂದು ಅಳತೆ, ಒಂದು ಕೊನೇ ದಿನಾಂಕ. ಎರಡು ವರ್ಷದ ಹಿಂದೆ ಅದನ್ನೆಲ್ಲ ತುಂಬಿ ಮುಗಿಸಿದ ಗುಂಗಿನಲ್ಲೇ ಮನೆಗೆ ಬಂದು ನನಗಂತಲೇ ಇನ್ನೊಂದು ಶೀಟು ಮಾಡಿದೆ. ತೂಕ ಇಳಿಸೋದು, ದುಡ್ಡು ಉಳಿಸೋದು ಎಲ್ಲ ಆದಮೇಲೆ ಕೊನೆಯ ಸಾಲು ಹೀಗಿತ್ತು: 'ಜರ್ಮನ್‌ನಲ್ಲಿ 12 ಪುಸ್ತಕ, ತಿಂಗಳಿಗೊಂದು.'

ಜನವರಿಗೆ ಆರಿಸಿಕೊಂಡಿದ್ದು ಕಾಫ್ಕಾ. 1915ರಲ್ಲಿ ಬಂದ ಕಥೆ. ಒಬ್ಬ ಸೇಲ್ಸ್‌ಮನ್ ಬೆಳಿಗ್ಗೆ ಏಳುವಷ್ಟರಲ್ಲಿ ಹುಳುವಾಗಿಬಿಟ್ಟಿರುತ್ತಾನಲ್ಲ, ಅದೇ. ಹೆಸರು ಕೇಳಿದ್ದೆ, ತೆಳ್ಳಗಿತ್ತು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಿತ್ತು. ಮೂರೂ ತಪ್ಪು ಕಾರಣಗಳು. ಒಂದು ವಾಕ್ಯಕ್ಕೆ ಆರೇಳು ಸಲ ಡಿಕ್ಷನರಿ ತೆಗೆಯಬೇಕು. ಸಿಕ್ಕಿದ ಪದವನ್ನೆಲ್ಲ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗೆ ಹಾಕಬೇಕು. ಫೆಬ್ರವರಿ ಮಧ್ಯದ ಹೊತ್ತಿಗೆ ಆ್ಯಪ್‌ನಲ್ಲಿ ನಾನೂರು ಚಿಲ್ಲರೆ ಪದ ಸೇರಿತ್ತು, ನಾನು ಒಂಬತ್ತನೇ ಪುಟದಲ್ಲಿದ್ದೆ. ಆ ಹುಳು ಹಾಸಿಗೆಯಿಂದ ಇಳಿಯಿತೋ ಇಲ್ಲವೋ ಅನ್ನೋದೂ ತಿಳಿಯದೆ ಬಿಟ್ಟುಬಿಟ್ಟೆ. ಶೀಟನ್ನು ಆಮೇಲೆ ತೆರೆಯಲೇ ಇಲ್ಲ. ತೆರೆದರೆ ಹನ್ನೆರಡು ಖಾಲಿ ಮನೆಗಳು ನನ್ನನ್ನೇ ನೋಡುತ್ತಿದ್ದವು.

ಜರ್ಮನ್ ಯಾಕೆ ಅಂತ ಅಮ್ಮನೂ ಕೇಳಿದಳು. "ಅಲ್ಲಿಗೆ ಹೋಗ್ಬಿಡ್ತೀಯೇನೋ?" ಇಲ್ಲಮ್ಮ ಅಂದರೆ ನಂಬಲಿಲ್ಲ. ನಮ್ಮಲ್ಲಿ ಹೊರಗಿನ ಭಾಷೆ ಕಲಿಯೋದು ಅಂದರೆ ಪಾಸ್‌ಪೋರ್ಟ್ ಮಾಡಿಸಿದ ಹಾಗೆ. ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಜರ್ಮನಿಯಲ್ಲಿದೆ ನಿಜ, ಆದರೆ ಅವರೆಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಕಲಿಯಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಒಂದು ಕೋಚಿಂಗ್ ಸೆಂಟರ್‌ಗೆ ಹೋಗಿ ಎ2 ತನಕ ಕಲಿತಿದ್ದೆ, ಸರ್ಟಿಫಿಕೇಟೂ ಬಂದಿತ್ತು; ಆರು ತಿಂಗಳಲ್ಲಿ ಮುಕ್ಕಾಲು ಭಾಗ ಮರೆತೂ ಹೋಗಿತ್ತು. ನಿಜವಾದ ಕಾರಣ ಬೇರೆ. ಒಂದು ಭಾಷೆಯನ್ನಾದರೂ ಹೆದರಿಕೆ ಇಲ್ಲದೆ ಕಲಿಯಬೇಕು ಅಂತ ಆಸೆ.

ಇಂಗ್ಲಿಷ್ ಬಂದಿದ್ದು ಎಲ್ಲಿಂದ?

ನಾನು ಜಡಿಗೇನಹಳ್ಳಿಯವನು. ಹೊಸಕೋಟೆ ತಾಲ್ಲೂಕಿನ ಹೋಬಳಿ ಊರು. ಓದಿದ್ದು ಸರ್ಕಾರಿ ಶಾಲೆಯಲ್ಲಿ, ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್‌ಗೆ ಸೇರಿದ ಮೊದಲ ವಾರ ಫಿಸಿಕ್ಸ್ ಕ್ಲಾಸಿನಲ್ಲಿ 'ವೆಲಾಸಿಟಿ' ಅಂದರೆ ನನಗೆ ಚೆನ್ನಾಗಿ ಗೊತ್ತಿದ್ದ 'ವೇಗ'ದ ಸಂಬಂಧಿ ಅಂತ ತಿಳಿಯಲೇ ಎರಡು ದಿನ ಬೇಕಾಯಿತು. ಎಂಜಿನಿಯರಿಂಗ್ ಮೊದಲ ವರ್ಷದ ವೈವಾದಲ್ಲಿ ಉತ್ತರ ಗೊತ್ತಿದ್ದೂ ಬಾಯಿಂದ ಹೊರಡಲಿಲ್ಲ. ಮೇಷ್ಟ್ರು ಅಂದ ಒಂದು ಮಾತಿಗೆ ಪಕ್ಕದಲ್ಲಿದ್ದವರೆಲ್ಲ ನಕ್ಕರು. ಕನ್ನಡ ಮಾಧ್ಯಮದಿಂದ ಬಂದ ಓದುಗರಿಗೆ ಆ ನಗು ಎಂಥದು ಅಂತ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಇಂಗ್ಲಿಷ್ ಬಂತು. 'ಸ್ಪೋಕನ್ ಇಂಗ್ಲಿಷ್' ಕ್ಲಾಸಿನಿಂದ ಅಲ್ಲ, ಗ್ರಾಮರ್ ಗೈಡಿನಿಂದ ಅಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಿಂದ ತಂದ ಜೇಮ್ಸ್ ಹ್ಯಾಡ್ಲಿ ಚೇಸ್‌ನಿಂದ! ಮೊದಲನೆಯದು ಹಾಸ್ಟೆಲಿನಲ್ಲಿ ಯಾರೋ ಬಿಟ್ಟುಹೋಗಿದ್ದು. ಅರ್ಧಕ್ಕರ್ಧ ಅರ್ಥವಾಗಲಿಲ್ಲ, ಆದರೆ ಕೊಲೆ ಮಾಡಿದ್ದು ಯಾರು ಅಂತ ತಿಳಿಯದೆ ನಿದ್ದೆ ಬರುವಂತಿರಲಿಲ್ಲ. ಮೂವತ್ತೋ ನಲವತ್ತೋ ಓದಿರಬೇಕು. ಲೆಕ್ಕ ಇಟ್ಟಿರಲಿಲ್ಲ, ಗುರಿಯಂತೂ ಇರಲೇ ಇಲ್ಲ. ಮೂರನೇ ವರ್ಷದ ಹೊತ್ತಿಗೆ ಟೆಕ್ಸ್ಟ್‌ಬುಕ್ಕು ಕೂಡ ಕನ್ನಡದಷ್ಟೇ ಸಲೀಸಾಗಿ ಓಡುತ್ತಿತ್ತು.

ಇದನ್ನು ನಾನು 'ಓದು' ಅಂತ ಯಾವತ್ತೂ ಎಣಿಸಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಾಡಿದ ಕಳ್ಳತನ ಅಂತಲೇ ಅಂದುಕೊಂಡಿದ್ದೆ. ಅದಕ್ಕೇ ಜರ್ಮನ್ ಶುರು ಮಾಡುವಾಗ ಅದು ನೆನಪಿಗೂ ಬರಲಿಲ್ಲ. ಘನವಾದ ಪುಸ್ತಕ, ಡಿಕ್ಷನರಿ, ಟಾರ್ಗೆಟ್ಟು ಅಂತ ಕೂತೆ.

ನರಸಾಪುರದ ಗೆಳೆಯ

ನನ್ನ ಕಣ್ಣು ತೆರೆಸಿದವನು ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ, ಒಂದು ಜಪಾನಿ ಕಂಪನಿಯಲ್ಲಿ ಕೆಲಸ ಮಾಡುವ ಹೈಸ್ಕೂಲ್ ಗೆಳೆಯ. ಡಿಪ್ಲೊಮಾ ಮಾಡಿದವನು. ಜಪಾನಿಯ ಎನ್5 ಪರೀಕ್ಷೆ ಮುಗಿಸಿ ಎನ್4ಕ್ಕೆ ತಯಾರಿ ನಡೆಸಿದ್ದ. ಹೊಸಕೋಟೆಯಲ್ಲಿ ಬಿರಿಯಾನಿ ತಿನ್ನುತ್ತಾ ನನ್ನ ಕಾಫ್ಕಾ ಕಥೆ ಹೇಳಿದೆ. "ಲೇ, ನಿನಗೆ ತಲೆ ಕೆಟ್ಟಿದೆಯಾ? ಅಕ್ಷರ ಕಲಿತ ಮಗುಗೆ ಯಾರಾದ್ರೂ ಕುಮಾರವ್ಯಾಸನ್ನ ಕೊಡ್ತಾರಾ?" ಅಂದವನೇ ಮೊಬೈಲ್ ತೆಗೆದು ತಾನು ಓದುತ್ತಿದ್ದ ಪುಸ್ತಕ ತೋರಿಸಿದ. ಪುಟಕ್ಕೊಂದು ಚಿತ್ರ, ಕೆಳಗೆ ಒಂದೇ ಸಾಲು.

ಜಪಾನಿನಲ್ಲಿ ಇದಕ್ಕೆ 'ತಾದೋಕು' ಅನ್ನುತ್ತಾರಂತೆ, ಅಂದರೆ ಹೆಚ್ಚು ಹೆಚ್ಚು ಓದು. ಅದರ ನಿಯಮ ಕೇಳಿ ನನಗೆ ನಗು ಬಂತು. ತೀರಾ ಸುಲಭವಾದ್ದರಿಂದ ಶುರು ಮಾಡು. ಡಿಕ್ಷನರಿ ಮುಟ್ಟಬೇಡ. ತಿಳಿಯದ್ದನ್ನು ಹಾರಿಸು. ರುಚಿಸದಿದ್ದರೆ ಪುಸ್ತಕ ಬಿಟ್ಟು ಬೇರೆ ತಗೋ. ನಮ್ಮ ಶಾಲೆಯಲ್ಲಿ ಇವು ನಾಲ್ಕಕ್ಕೂ ಏಟು ಬೀಳುತ್ತಿತ್ತು. ಇದನ್ನು ಜಪಾನಿನಲ್ಲಿ ಹರಡಿದ ಸಕಾಯಿ ಕುನಿಹಿದೆ ಎಂಬ ಇಂಗ್ಲಿಷ್ ಮೇಷ್ಟ್ರು ಕಲಿಯುವವರಿಗೆ ಇಟ್ಟ ಗುರಿಯೂ ವಿಚಿತ್ರ: ಹತ್ತು ಲಕ್ಷ ಪದ. ಇಷ್ಟು ಪುಸ್ತಕ ಅಂತಲ್ಲ, ಈ ಲೆವೆಲ್ಲು ಅಂತಲ್ಲ, ಪದಗಳು. ಪುಸ್ತಕ ಎಣಿಸಿದರೆ ನಾವು ದೊಡ್ಡ ಹೆಸರಿನ ಪುಸ್ತಕದ ಹಿಂದೆ ಬೀಳುತ್ತೇವೆ. ಪದ ಎಣಿಸಿದರೆ ಹಗುರವಾದ ಪುಸ್ತಕವೇ ಲಾಭ, ಯಾಕೆಂದರೆ ಅದು ಬೇಗ ಓಡುತ್ತೆ.

ಆಮೇಲೆ ಹುಡುಕುತ್ತಾ ಹೋದೆ. ಕಲಿಯುವವರಿಗಾಗಿ ಸುಲಭ ಪದಗಳಲ್ಲಿ ಕಥೆ ಬರೆಯುವ ಪದ್ಧತಿಯ ಒಂದು ಬೇರು ನಮ್ಮ ಉಪಖಂಡದಲ್ಲೇ ಇದೆ. 1920ರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಕಲಿತೂ ಒಂದು ಪುಸ್ತಕ ಓದಲಾರದೆ ಶಾಲೆ ಬಿಡುವುದನ್ನು ನೋಡಿದರು. ಅಪರೂಪದ ಪದಗಳನ್ನು ತೆಗೆದು ಬಳಕೆಯ ಪದ ಹಾಕಿ, ಹೊಸ ಪದಗಳನ್ನು ದೂರ ದೂರ ಇಟ್ಟು, ಬಂದ ಪದ ಮತ್ತೆ ಮತ್ತೆ ಬರುವಂತೆ ಪಾಠಗಳನ್ನು ಬರೆದರು. ಇವತ್ತು ಅಂಗಡಿಯಲ್ಲಿ 'ಗ್ರೇಡೆಡ್ ರೀಡರ್' ಅಂತ ಸಿಗೋದು ಇದರದ್ದೇ ಸಂತಾನ.

1980ರ ಸುಮಾರಿಗೆ ಫಿಜಿ ದ್ವೀಪಗಳಲ್ಲಿ ಒಂದು ಪ್ರಯೋಗ ನಡೆಯಿತು. ಹಳ್ಳಿ ಶಾಲೆಗಳ ನಾಲ್ಕು ಮತ್ತು ಐದನೇ ಕ್ಲಾಸಿಗೆ ಇಂಗ್ಲಿಷಿನ ಸುಮಾರು 250 ಕಥೆಪುಸ್ತಕಗಳನ್ನು ತಂದು ಸುರಿದರು. ಪಾಠದ ಪುಸ್ತಕವಲ್ಲ, ಬರೀ ಕಥೆ. ಆ ಮಕ್ಕಳ ಓದು ಮಾಮೂಲಿ ಪಾಠದ ಮಕ್ಕಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಬೆಳೆಯಿತು ಅಂತ ಎಲ್ಲಿ ಮತ್ತು ಮಂಗುಭಾಯಿ ಎಂಬ ಇಬ್ಬರು ಸಂಶೋಧಕರು 1983ರಲ್ಲಿ ಬರೆದರು. ನಮ್ಮ ಬೆಂಗಳೂರಿನ ಹೆಸರೇ ಹೊತ್ತ ಒಂದು ಪ್ರಯೋಗವೂ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಪ್ರಾಜೆಕ್ಟ್'. ಅಲ್ಲಿ ಕಥೆಪುಸ್ತಕವಲ್ಲ, ನಕ್ಷೆ ನೋಡಿ ದಾರಿ ಹುಡುಕು, ರೈಲ್ವೆ ವೇಳಾಪಟ್ಟಿ ನೋಡಿ ಉತ್ತರ ಹೇಳು ಅನ್ನುವಂಥ ಕೆಲಸಗಳು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ಹಿಂದಿನಿಂದ ತಾನೇ ಬರುತ್ತೆ ಅನ್ನೋದು ಅವರ ನಂಬಿಕೆ. ಕೊಲೆಗಾರನ ಹಿಂದೆ ಓಡಿದ ನನಗೆ ಆಗಿದ್ದೂ ಅದೇ ತಾನೆ?

ಅಜ್ಜಿಯ ನಾಲ್ಕು ಭಾಷೆ

ನಮ್ಮ ಹೊಸಕೋಟೆ–ಮಾಲೂರು ಕಡೆ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಇರೋದು ಮಾಮೂಲು. ನಮ್ಮಜ್ಜಿ ಈ ಮೂರರ ಜೊತೆಗೆ ರೇಷ್ಮೆಗೂಡಿನ ವ್ಯಾಪಾರಿಗಳ ಹತ್ತಿರ ಉರ್ದುವಿನಲ್ಲೂ ಚೌಕಾಸಿ ಮಾಡುತ್ತಿದ್ದಳು. ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸು. ಎಲ್ಲಿ ಕಲಿತೆ ಅಜ್ಜಿ ಅಂದರೆ, "ಕಲಿಯಾದೇನು ಬಂತು, ಕಿವಿಗೆ ಬಿದ್ದಿದ್ದು" ಅಂತಿದ್ದಳು.

ನನಗೆ ಜಡಿಗೇನಹಳ್ಳಿಯಲ್ಲಿ ಜರ್ಮನ್ ಕಿವಿಗೆ ಬೀಳಲ್ಲ. ಕಣ್ಣಿಗಾದರೂ ಬೀಳಬೇಕು, ಅದೂ ದಿನಾ, ರಾಶಿಗಟ್ಟಲೆ. ಪುಸ್ತಕದ ಪಾತ್ರ ಇಷ್ಟೇ ಅಂತ ಅರ್ಥವಾದ ಮೇಲೆ ಯಾವ ಪುಸ್ತಕ ಅನ್ನೋ ಅಹಂಕಾರ ಇಳಿಯಿತು.

ಹೀಗೆ ಭಾಷೆ ದಕ್ಕಿಸಿಕೊಂಡ ದೊಡ್ಡವರೂ ನಮ್ಮಲ್ಲಿದ್ದಾರೆ. ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿದ್ದ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಕೋರ್ಟಿನ ಕೆಲಸ ಇಟ್ಟುಕೊಂಡೇ, ಆ್ಯಪ್ ಇಲ್ಲದೆ. ಕಾಸರಗೋಡಿನ ಮಂಜೇಶ್ವರದ ಮನೆಯಲ್ಲಿ ಕೂತು ಹತ್ತಾರು ಭಾಷೆಗಳ ಪುಸ್ತಕ ಓದುತ್ತಿದ್ದ ಗೋವಿಂದ ಪೈ (1883–1963) ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದವರು. ಇನ್ನು ಜರ್ಮನ್‌ಗೂ ನಮಗೂ ಇರುವ ಋಣ ಬೇರೆಯೇ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಅದಕ್ಕಾಗಿ ಅವರು ಓದಿದ ಹಳಗನ್ನಡ, ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲೇ ಓದಿದ ನಾನು ಇವತ್ತಿಗೂ ಓದಿಲ್ಲ. ನಾಚಿಕೆ ಇದೆ, ಏನು ಮಾಡೋದು.

ಎರಡನೇ ವರ್ಷದ ಶೀಟು

ಹೋದ ವರ್ಷ ಜನವರಿಯಲ್ಲಿ ಶೀಟು ಬದಲಾಯಿತು. ಪುಸ್ತಕದ ಸಂಖ್ಯೆ ಅಳಿಸಿದೆ. ನಾನು ಬೈಕಿನಲ್ಲಿ ಕಾಡುಗೋಡಿಗೆ ಹೋಗಿ ಮೆಟ್ರೋ ಹತ್ತುತ್ತೇನೆ, ಎಂ.ಜಿ. ರಸ್ತೆಗೆ ಸುಮಾರು ನಲವತ್ತು ನಿಮಿಷ. ಅದರಲ್ಲಿ 15 ನಿಮಿಷ ಜರ್ಮನ್, ವಾರಕ್ಕೆ ಐದು ದಿನ, ವರ್ಷಕ್ಕೆ 48 ವಾರ. ಒಟ್ಟು 60 ಗಂಟೆ. ನನ್ನ ಆಮೆ ವೇಗ, ಅಂದರೆ ನಿಮಿಷಕ್ಕೆ 60 ಪದ ಅಂತ ಹಿಡಿದರೂ ಎರಡು ಲಕ್ಷ ದಾಟುತ್ತೆ. ಹತ್ತು ಲಕ್ಷಕ್ಕೆ ದೂರ ಇದೆ, ಆದರೆ ಒಂಬತ್ತು ಪುಟಕ್ಕಿಂತ ಎಷ್ಟೋ ಮುಂದೆ. ಕೆಳಗೆ ಇನ್ನೊಂದು ಗುರಿ ಬರೆದೆ: 'ವರ್ಷದಲ್ಲಿ ಕನಿಷ್ಠ ಐದು ಪುಸ್ತಕ ಅರ್ಧಕ್ಕೇ ಬಿಡಬೇಕು.'

ಇದು ತಮಾಷೆಗೆ ಬರೆದಿದ್ದಲ್ಲ. ದುಡ್ಡು ಕೊಟ್ಟು ತಂದ ಪುಸ್ತಕ ಬಿಡೋಕೆ ನಮಗೆ ಮನಸ್ಸು ಬರಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟ ಹಾಗೆ ಅನಿಸುತ್ತೆ. ಒಂದು ಬೇಜಾರಿನ ಪುಸ್ತಕ ಮುಗಿಸಬೇಕು ಅನ್ನೋ ಹಟಕ್ಕೆ ಎರಡು ತಿಂಗಳು ಏನನ್ನೂ ಓದದೆ ಕೂರುತ್ತೇವೆ. ಬಿಡೋದೇ ಗುರಿಯಾದರೆ ಆ ಪಾಪಪ್ರಜ್ಞೆ ಹೋಗುತ್ತೆ.

ಪುಸ್ತಕ ಕಷ್ಟವೋ ಸುಲಭವೋ ಅಂತ ನೋಡಲು ಒಂದು ಲೆಕ್ಕ ಸಿಕ್ಕಿತು. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು. ನನ್ನ ಮೊಬೈಲಿನ ಒಂದು ಸ್ಕ್ರೀನಿಗೆ ಹೆಚ್ಚುಕಡಿಮೆ ನೂರು ಪದ ಹಿಡಿಸುತ್ತೆ. ಹಾಗಾಗಿ ಒಂದು ಸ್ಕ್ರೀನಿನಲ್ಲಿ ಗೊತ್ತಿಲ್ಲದ ಪದ ಎರಡು ಮೂರು ಇದ್ದರೆ ಮುಂದುವರಿ, ಎಂಟು ಹತ್ತು ಇದ್ದರೆ ಬಿಡು. ಕಾಫ್ಕಾಗೆ ಈ ಲೆಕ್ಕ ಹಾಕಿ ನೋಡಿದೆ. ಮೂವತ್ತು ದಾಟಿತು!

ಮೊದಲು ಓದಿದ್ದು ಕಲಿಯುವವರಿಗೆಂದೇ ಬರೆದ 'ಕಾಫೆ ಇನ್ ಬರ್ಲಿನ್' ಎಂಬ ಸಣ್ಣ ಕಥೆಗಳು. ಆಮೇಲೆ 'ನಾಖ್‌ರಿಖ್ಟನ್‌ಲೈಖ್ಟ್', ಜರ್ಮನಿಯ ರೇಡಿಯೋ ಸಂಸ್ಥೆಯೊಂದು ಸುಲಭ ಭಾಷೆಯಲ್ಲಿ ಕೊಡುವ ವಾರದ ಸುದ್ದಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದ ಗ್ರಂಥಾಲಯದಲ್ಲಿ ಪುಸ್ತಕ ಸಿಗುತ್ತೆ, ಮೊಬೈಲಿನಲ್ಲಿ ಓದಲು ಅವರದ್ದೇ ಡಿಜಿಟಲ್ ಲೈಬ್ರರಿಯೂ ಇದೆ. ಫ್ರೆಂಚ್ ಆಸಕ್ತಿ ಇರುವವರಿಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಒಂದು ರೂಪಾಯಿಯೂ ಬೇಡ ಅಂದರೆ ಬೆಂಗಳೂರಿನದ್ದೇ ಆದ ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್' ನೋಡಿ. ಕನ್ನಡ, ಇಂಗ್ಲಿಷ್ ಜೊತೆಗೆ ಜರ್ಮನ್, ಫ್ರೆಂಚ್ ಮಕ್ಕಳ ಕಥೆಗಳೂ ಅಲ್ಲಿವೆ, ಹಂತ ಹಂತವಾಗಿ.

ನಿಜವಾದ ಖುಷಿ ಸಿಕ್ಕಿದ್ದು ಏರಿಕ್ ಕೆಸ್ಟ್ನರ್ 1929ರಲ್ಲಿ ಬರೆದ 'ಎಮಿಲ್ ಉಂಟ್ ದೀ ಡಿಟೆಕ್ಟೀವೆ'ಯಲ್ಲಿ. ಸಣ್ಣ ಊರಿನ ಹುಡುಗ ಅಜ್ಜಿಗೆ ಕೊಡಲು 120 ಮಾರ್ಕ್ ಇಟ್ಟುಕೊಂಡು ಒಬ್ಬನೇ ರೈಲಿನಲ್ಲಿ ಬರ್ಲಿನ್‌ಗೆ ಹೊರಡುತ್ತಾನೆ. ಕಳೆದೀತು ಅಂತ ಜೇಬಿಗೆ ಗುಂಡುಸೂಜಿ ಚುಚ್ಚಿಕೊಂಡಿರುತ್ತಾನೆ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ದುಡ್ಡು ಮಾಯ. ನನ್ನ ಮೊದಲ ಸೆಮಿಸ್ಟರ್ ಫೀಸನ್ನು ಅಮ್ಮ ಒಳಜೇಬಿಗೆ ಪಿನ್ ಹಾಕಿ ಕಳಿಸಿದ್ದಳು. ಮೆಜೆಸ್ಟಿಕ್ ತನಕ ಎದೆ ಮೇಲಿಂದ ಕೈ ತೆಗೆದಿರಲಿಲ್ಲ. ಆ ಅಧ್ಯಾಯ ಓದುವಾಗ ಇಳಿಯಬೇಕಾದ ಸ್ಟೇಷನ್ ದಾಟಿ ಕಬ್ಬನ್ ಪಾರ್ಕ್‌ಗೆ ಹೋಗಿಬಿಟ್ಟಿದ್ದೆ. ಅದು ನಾನು ಜರ್ಮನ್‌ನಲ್ಲಿ ಓದುತ್ತಿದ್ದೇನೆ ಅನ್ನೋದೇ ಮರೆತ ಮೊದಲ ದಿನ.

'ಪ್ಲ್ಯೋಟ್ಸ್‌ಲಿಖ್' ಅನ್ನೋ ಪದವನ್ನು ನಾನು ಡಿಕ್ಷನರಿಯಲ್ಲಿ ನೋಡಿಲ್ಲ. ಪತ್ತೇದಾರಿ ಕಥೆಯಲ್ಲಿ ಅದು ಬಂದಾಗಲೆಲ್ಲ ಬಾಗಿಲು ತೆರೆಯುತ್ತೆ ಅಥವಾ ದೀಪ ಆರುತ್ತೆ. 'ಇದ್ದಕ್ಕಿದ್ದಂತೆ' ಅಲ್ಲದೆ ಇನ್ನೇನಿರಲು ಸಾಧ್ಯ? ಜರ್ಮನ್‌ನಲ್ಲಿ ಕೈಗವಸಿಗೆ 'ಕೈ–ಬೂಟು' ಅನ್ನುತ್ತಾರೆ, ಫ್ರಿಜ್‌ಗೆ 'ತಂಪು–ಬೀರು'. ಸಮಾಸ ಕಲಿತ ನಮಗೆ ಇದೇನು ದೊಡ್ಡದಲ್ಲ. 'ಯಾಕೆಂದರೆ' ಅಂತ ಶುರುವಾದ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ, ಥೇಟ್ ಕನ್ನಡದ ಹಾಗೆ. ಕ್ಲಾಸಿನಲ್ಲಿ ಇದನ್ನು ಇಂಗ್ಲಿಷಿನ ಮೂಲಕ ಹೇಳಿಕೊಟ್ಟಿದ್ದರಿಂದ ಅದೊಂದು ಕಷ್ಟದ ನಿಯಮವಾಗಿತ್ತು. ಕಥೆಯಲ್ಲಿ ನೂರು ಸಲ ಕಂಡ ಮೇಲೆ, ಅರೆ, ಇದು ನಮ್ಮ ಮನೆ ವಾಕ್ಯ ಅನಿಸಿತು.

ಎಲ್ಲವೂ ಸರಿಹೋಗಲಿಲ್ಲ

ಡಿಸೆಂಬರ್‌ನಲ್ಲಿ ಕೂಡಿ ನೋಡಿದರೆ 60ರ ಬದಲು 41 ಗಂಟೆ. ಏಪ್ರಿಲ್–ಮೇ ಪೂರ್ತಿ ಐಪಿಎಲ್ ನುಂಗಿತು. ಅಪ್ಪನಿಗೆ ಹುಷಾರು ತಪ್ಪಿದ ತಿಂಗಳು ಒಂದು ಪುಟ ತೆಗೆಯಲಿಲ್ಲ. ವರ್ಕ್ ಫ್ರಮ್ ಹೋಮ್ ದಿನ ಮೆಟ್ರೋ ಇಲ್ಲ, ಮೆಟ್ರೋ ಇಲ್ಲದೆ ಓದೂ ಇಲ್ಲ. ಒಂದೇ ಜಾಗಕ್ಕೆ ಅಭ್ಯಾಸ ಕಟ್ಟಿದ್ದರ ಫಲ ಅದು. ಬಿಟ್ಟ ಪುಸ್ತಕ ಏಳು. ಆ ಗುರಿಯೊಂದರಲ್ಲಿ ಫುಲ್ ಮಾರ್ಕ್ಸ್.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಓದಿದರೆ ಮಾತು ಬರಲ್ಲ. ಅಕ್ಟೋಬರ್‌ನಲ್ಲಿ ಒಂದು ಕಾಲ್ ಶುರುವಾಗುವ ಮುಂಚೆ ಜರ್ಮನಿಯ ಸಹೋದ್ಯೋಗಿಯೊಬ್ಬರ ಹತ್ತಿರ ಧೈರ್ಯ ಮಾಡಿ ಎರಡು ವಾಕ್ಯ ಆಡಿದೆ: ಈಗ ಎಮಿಲ್ ಓದುತ್ತಿದ್ದೇನೆ, ಚೆನ್ನಾಗಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ತಾವು ಚಿಕ್ಕಂದಿನಲ್ಲಿ ಓದಿದ್ದು, ಸಿನಿಮಾ ನೋಡಿದ್ದು ಎಲ್ಲ ಒಂದೇ ಉಸಿರಿಗೆ ಹೇಳಿದರು. ಕಾಲು ಭಾಗ ಅರ್ಥವಾಯಿತು, ಉಳಿದಿದ್ದಕ್ಕೆ 'ಯಾ, ಯಾ' ಅಂದೆ. ಅವರೂ ನಕ್ಕರು, ನಾನೂ ನಕ್ಕೆ. ವೈವಾದ ನಗುವಿನ ಹಾಗಿರಲಿಲ್ಲ ಅದು.

ಹಾಗೇ, ಆಗಸ್ಟ್ ಒಳಗೆ ಬಿ1 ಪಾಸಾದರೆ ಮಾತ್ರ ವೀಸಾ ಅನ್ನೋ ನರ್ಸ್‌ಗಳು, ಸ್ಟೂಡೆಂಟ್‌ಗಳು ಇದನ್ನು ನೆಚ್ಚಿಕೊಳ್ಳಬೇಡಿ. ನಿಮಗೆ ಕ್ಲಾಸು ಬೇಕು, ಹಳೇ ಪ್ರಶ್ನೆಪತ್ರಿಕೆ ಬೇಕು, ಮಾತಿನ ಅಭ್ಯಾಸ ಬೇಕು. ಮಲಗುವ ಮುಂಚೆ ಹತ್ತು ನಿಮಿಷ ಕಥೆ ಓದಿ, ಅಷ್ಟೆ. ನನ್ನ ಗೆಳೆಯನೂ ಎನ್4ಕ್ಕೆ ವ್ಯಾಕರಣ ಕೂತು ಉರುಹೊಡೆದೇ ಬರೆದ. ಓದಿನ ಭಾಗದಲ್ಲಿ ಮಾತ್ರ ಸಮಯ ಉಳಿಯಿತಂತೆ.

ಬಾಗಿಲ ಹಿಂದಿನ ಕ್ಯಾಲೆಂಡರು

ಈ ವರ್ಷ ಶೀಟು ಇಲ್ಲ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಓದಿದ ದಿನ ಒಂದು ಟಿಕ್, ಅಷ್ಟೆ. ವಾರಕ್ಕೆ ನಾಲ್ಕು ಟಿಕ್ ಆದರೆ ಸಾಕು. ಮೆಟ್ರೋ ಇಲ್ಲದ ದಿನ ರಾತ್ರಿ ಊಟ ಆದಮೇಲೆ. ಗಂಟೆ ಇಳಿಸಿದ್ದೇನೆ ಅಂತ ಗೆಳೆಯ ಗೇಲಿ ಮಾಡಿದ. ಹೋದ ವರ್ಷ ನಿಜವಾಗಿ ಆಗಿದ್ದೇ ಅಷ್ಟು ತಾನೆ? ಆಗೋದನ್ನು ಬರೆದರೆ ಬರೆದಿದ್ದು ಆಗುತ್ತೆ.

ಟಿಕ್ ಹಾಕೋದನ್ನು ನೋಡಿ ಅಕ್ಕನ ಮಗಳು ಹತ್ತಿರ ಬಂದಳು. ಏಳನೇ ಕ್ಲಾಸು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎದ್ದುನಿಂತು ಓದು ಅಂದರೆ ಹೊಟ್ಟೆನೋವು ಅಂತ ಮನೆಗೆ ಬರುತ್ತಿದ್ದಾಳೆ ಅಂತ ಅಕ್ಕ ಹೇಳಿದ್ದಳು. ಆ ಹೊಟ್ಟೆನೋವು ನನಗೆ ಚೆನ್ನಾಗಿ ಗೊತ್ತು. "ನೀನೂ ಹಾಕ್ತೀಯಾ?" ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ತನ್ನ ಷರತ್ತು ಹೇಳಿದಳು: "ಹಾಕ್ತೀನಿ ಮಾವ. ಆದ್ರೆ ಓದಿದ್ಮೇಲೆ ಮೀನಿಂಗ್ ಕೇಳಂಗಿಲ್ಲ."

ಕೇಳಲ್ಲ ಅಂತ ಮಾತು ಕೊಟ್ಟೆ. ಪಂಚಾಯಿತಿ ಗ್ರಂಥಾಲಯದಿಂದ ಎರಡು ಇಂಗ್ಲಿಷ್ ಕಥೆಪುಸ್ತಕ ತಂದಿದ್ದಾಳೆ, ಉಳಿದದ್ದು ನನ್ನ ಮೊಬೈಲಿನಲ್ಲಿ. ನೀಲಿ ಟಿಕ್ ನಂದು, ಕೆಂಪು ಅವಳದ್ದು. ಮೂರನೇ ವಾರಕ್ಕೇ ಕೆಂಪು ಮುಂದಿದೆ. ನಾನು ಕೆಸ್ಟ್ನರ್‌ನ ಇನ್ನೊಂದು ಪುಸ್ತಕ ಹಿಡಿದಿದ್ದೇನೆ. ಮೊನ್ನೆ ಭಾನುವಾರ ಅವಳು ಒಂದು ಪುಸ್ತಕವನ್ನು ಮಧ್ಯಕ್ಕೇ ಮುಚ್ಚಿ ನನ್ನ ಮುಂದೆ ಇಟ್ಟಳು. "ಇದು ಬೋರು ಮಾವ. ಒಂದು ಬಿಟ್ಟಾಯ್ತು, ಇನ್ನು ನಾಲ್ಕು."